ಗರಡಿ ಸಾಧನೆಯಲ್ಲಿ ಕಲ್ಪನೆಯ ಪಾತ್ರ

ಗರಡಿಮನೆಯನ್ನು ಕುರಿತ ನಮ್ಮ ಜಾನಪದ ಬರಹಗಳು ಸಾಮಾನ್ಯವಾಗಿ ಒಂದೇ ಜಾಡಿನಲ್ಲಿ ಸಾಗುತ್ತವೆ. ಕೆಮ್ಮಣ್ಣಿನ ಮಟ್ಟಿ, ಗದೆ, ದಂಡ, ಬಸ್ಕಿ, ಪಟ್ಟುಗಳ ವಿವರ ಒಂದೆಡೆ. ಹನುಮಂತನ ಪೂಜೆ ಮತ್ತು ಪುರಾಣಕಥೆಗಳು ‘ನಂಬಿಕೆಗಳು’ ಎಂಬ ತಲೆಬರಹದಡಿ ಇನ್ನೊಂದೆಡೆ. ಈ ವಿಂಗಡಣೆ ಅನುಕೂಲಕರವೇ ಹೊರತು ಸಮರ್ಪಕವಲ್ಲ. ನನ್ನ ಕ್ಷೇತ್ರಕಾರ್ಯದ ಟಿಪ್ಪಣಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಮಲ್ಲವಿದ್ಯೆಯ ಪರಂಪರೆ ಕುಸ್ತಿಯಲ್ಲಿ 4 ಬಗೆಗಳನ್ನು ಗುರುತಿಸುತ್ತದೆ. ಭೀಮಸೇನಿಯಲ್ಲಿ ಬಲ ಮುಖ್ಯ, ಹನುಮಂತಿಯಲ್ಲಿ ಚಾತುರ್ಯ, ಜಾಂಬವಂತಿಯಲ್ಲಿ ಎದುರಾಳಿಯನ್ನು ಕಟ್ಟಿಹಾಕುವ ಬಿಗಿಹಿಡಿತ, ಜರಾಸಂಧಿಯಾದರೋ ಕೀಲು ಮುರಿಯುವ ಕ್ರಮ. ಈ ಕೊನೆಯ ಹೆಸರು ಗಮನಾರ್ಹ. ಎರಡು ಹೋಳಾಗಿ ಹುಟ್ಟಿ, ಜರೆಯೆಂಬ ರಾಕ್ಷಸಿಯ ಕೈಯಲ್ಲಿ ಒಂದಾದವನು ಜರಾಸಂಧ. ಮಹಾಭಾರತದ ಸಭಾಪರ್ವದಲ್ಲಿ ಭೀಮನಿಂದ ಅವನ ವಧೆಯಾಗುತ್ತದೆ. ಭೀಮ ಅವನನ್ನು ಸೀಳಿದ ಕಥೆ ನಮ್ಮಲ್ಲಿ ಮನೆಮಾತು. ದೇಹವೆಂಬುದು ಸಂಧಿಗಳ ಜೋಡಣೆ, ಜೋಡಿಸಿದಲ್ಲಿಯೇ ಅದು ದುರ್ಬಲ ಎಂಬ ಅರಿವು ಆ ಕಥೆಯಲ್ಲಿ ಅಡಗಿದೆ. ಅಕ್ಷರ ಬಾರದ ಹುಡುಗನಿಗೆ ಹೆಸರೇ ಪಾಠವಾಗಬಲ್ಲದು. ಕಲ್ಪನೆ ಇಲ್ಲಿ ಅಲಂಕಾರವಲ್ಲ, ಬೋಧನಾಕ್ರಮ.

ಹಾಗೆಂದು ಕಲ್ಪನೆಯೇ ಸರ್ವಸ್ವವೆನ್ನಲಾಗದು. ತನ್ನನ್ನು ಭೀಮನೆಂದೇ ಭಾವಿಸಿಕೊಂಡವನನ್ನು ಎದುರಾಳಿ ಕ್ಷಣಾರ್ಧದಲ್ಲಿ ಕೆಡವಬಲ್ಲ. ಕಥೆ ದಾರಿ ತೋರಿಸುತ್ತದೆ. ಮಟ್ಟಿ ಅದನ್ನು ಪರೀಕ್ಷಿಸುತ್ತದೆ. ಕಲ್ಪಿಸಿದ್ದನ್ನು ಮೈ ದಿನದಿನವೂ ತಿದ್ದಿಕೊಳ್ಳುವುದೇ ಸಾಧನೆ.

ಗರಡಿಗಳು ವಿರಳವಾಗುತ್ತಿರುವ ಈ ಹೊತ್ತಿನಲ್ಲಿ ಪಟ್ಟುಗಳನ್ನು ಚಿತ್ರೀಕರಿಸಿ ದಾಖಲಿಸುವ ಪ್ರಯತ್ನಗಳು ಸ್ವಾಗತಾರ್ಹ. ಆದರೆ ಪಟ್ಟು ಹೇಳಿಕೊಡುವಾಗ ವಸ್ತಾದರು ಆಡುವ ಮಾತು, ನೆನೆಯುವ ಕಥೆ ಆ ದಾಖಲೆಯಿಂದ ಹೊರಗುಳಿದರೆ ನಮ್ಮ ಕೈಗೆ ದಕ್ಕುವುದು ಭಂಗಿಯೇ ಹೊರತು ವಿದ್ಯೆಯಲ್ಲ.