ಕೊಡಚಾದ್ರಿಯ ಗರಸು ದಾರಿ

ನ್ಯಾಮತಿಯ ಮೆಕ್ಕೆಜೋಳದ ಹೊಲಗಳ ನಡುವೆ ಗಾಡಿ ಓಡಿಸುವವರು ಗೇರಿನ ಬಗ್ಗೆ ಅಷ್ಟಾಗಿ ಯೋಚಿಸುವುದಿಲ್ಲ. ಶಿವಮೊಗ್ಗ, ಹೊಸನಗರ, ನಗರ ದಾಟಿ, ನಿಟ್ಟೂರಿನಿಂದ ಕಟ್ಟಿನಹೊಳೆ ಕಡೆಗೆ ಹೊರಳಿ ಕೊಡಚಾದ್ರಿಯ ಏರು ಹಿಡಿದರೆ ಮಾತ್ರ ಜೀಪಿನಲ್ಲಿ ಕೂತವರೆಲ್ಲರ ಕಣ್ಣು ಗೇರಿನ ಮೇಲೆಯೇ.

ನಗರವೆಂದರೆ ಕೆಳದಿ ಅರಸರ ಬಿದನೂರು, 1763ರಲ್ಲಿ ಹೈದರಾಲಿ ಗೆದ್ದ ರಾಜಧಾನಿ. ಅದರ ಪಡುವಣಕ್ಕೆ, ಘಟ್ಟದ ಅಂಚಿನಲ್ಲಿ, 1343 ಮೀಟರ್ ಎತ್ತರದ ಕೊಡಚಾದ್ರಿ. ಮೂಲ ಮೂಕಾಂಬಿಕೆಯ ಗುಡಿಗೂ ಶಂಕರಾಚಾರ್ಯರ ಹೆಸರಿನ ಸರ್ವಜ್ಞ ಪೀಠಕ್ಕೂ ಭಕ್ತರು ಹತ್ತಿ ಬಂದ ಬೆಟ್ಟವಿದು.

ಜೀಪಿನ ದಾರಿಯನ್ನು ಪ್ರತಿ ಮಳೆಗಾಲವೂ ಹೊಸದಾಗಿ ಕೊರೆಯುತ್ತದೆ. ಇಳಿಜಾರಿನ ನೀರಿಗೆ ಚಕ್ರದ ಜಾಡೇ ಕಾಲುವೆ. ಮಣ್ಣು ಕೊಚ್ಚಿ ಹೋಗಿ ಕಲ್ಲು ಮೇಲೇಳುತ್ತದೆ. ಬಲ್ಲ ಚಾಲಕ ಕೊರಕಲನ್ನು ಎರಡು ಚಕ್ರಗಳ ನಡುವೆ ಬಿಟ್ಟುಕೊಂಡು, ದೊಡ್ಡ ಕಲ್ಲಿನ ಮೇಲೆ ಟೈರನ್ನೇ ಹತ್ತಿಸುತ್ತಾನೆ. ಕಲ್ಲನ್ನು ತಪ್ಪಿಸಲು ಹೋದರೆ ಅದು ಗಾಡಿಯ ಅಡಿಗೆ ತಾಗುತ್ತದೆ. ಏರಿನಲ್ಲಿ ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು, ಲೋ ಗೇರಿನಲ್ಲಿ ಒಂದೇ ಹದದ ಆಕ್ಸಿಲರೇಟರ್. ಕಾಲು ಜೋರಾದರೆ ಚಕ್ರ ಗರ್ರನೆ ಸುತ್ತಿ ಗರಸು ಹಾರುತ್ತದೆ, ಗಾಡಿ ಮಾತ್ರ ಅಲ್ಲೇ. ಇಳಿಯುವಾಗಲೂ ಸಣ್ಣ ಗೇರೇ ಗತಿ. ಬ್ರೇಕನ್ನೇ ನಂಬಿದರೆ ಅದು ಕಾದು ಹಿಡಿತ ಬಿಡುತ್ತದೆ. ಭಾರವನ್ನು ಎಂಜಿನ್ ತಡೆಯಬೇಕು. ನೋಡುವವರಿಗೆ ನಿಧಾನ ಅನಿಸುವ ಈ ಓಡಾಟ ರ‍್ಯಾಲಿಯ ವೇಗಕ್ಕಿಂತ ಹಿರಿದಾದ ವಿದ್ಯೆ.

ಕಾಡು ಮುಗಿದಲ್ಲಿ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಬೆಟ್ಟದ ಮಡಿಕೆಗಳಲ್ಲಿ ಶೋಲಾ ಕಾಡು, ಬೋಳು ಬೆನ್ನಿನ ಮೇಲೆ ಹುಲ್ಲು. ಮಳೆಯ ನೀರನ್ನು ಹೀರಿಟ್ಟುಕೊಂಡು ಸಣ್ಣಗೆ ಹರಿಯಬಿಡುವುದು ಇವೆರಡೂ ಸೇರಿಯೇ. ಜಾಡು ಬಿಟ್ಟು ಹುಲ್ಲಿನ ಮೇಲೆ ಒಂದು ಗಾಡಿ ಹತ್ತಿದರೂ ಸಾಕು, ಮುಂದಿನ ಮಳೆಗೆ ಅಲ್ಲೊಂದು ಕೊರಕಲು ಸಿದ್ಧ. ಇದನ್ನು ಸಾಹಸವೆಂದು ವಿಡಿಯೊ ಮಾಡುವವರನ್ನು ಚಾಲಕರೆನ್ನಲಾಗದು. ಡಾಂಬರು ಹಾಕಿ ವೇಗ ಹೆಚ್ಚಿಸುವ ಆಸೆಯೂ ಈ ಬೆಟ್ಟಕ್ಕೆ ಒಳ್ಳೆಯದಲ್ಲ.

ಮೇಲೆ, ಗುಡಿಯ ಮುಂದೆ, ನೆಲದಲ್ಲಿ ನೆಟ್ಟ ಹಳೆಯ ಕಬ್ಬಿಣದ ಕಂಬವೊಂದಿದೆ. ದೇವಿಯ ತ್ರಿಶೂಲವೆಂದು ನಂಬುವವರೂ ಉಂಟು. ಲೋಹವಿಜ್ಞಾನಿ ಟಿ.ಆರ್. ಅನಂತರಾಮನ್ 1999ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದಿದ್ದಾರೆ. ತುಕ್ಕು ಹಿಡಿಯದ್ದೆಂದು ಹೆಸರಾದ ದೆಹಲಿಯ ಕಬ್ಬಿಣದ ಕಂಬ ನಿಂತಿರುವುದು ಒಣ ಹವೆಯಲ್ಲಿ. ಇದು ನಿಂತಿರುವುದು ಕಡಲ ಗಾಳಿಗೆ, ಮಲೆನಾಡಿನ ಜಡಿಮಳೆಗೆ ಮೈಯೊಡ್ಡಿ. ಇಷ್ಟಾದರೂ ಬಂದವರಲ್ಲಿ ಬಹುಪಾಲು ಮಂದಿ ಕಂಬವನ್ನು ದಾಟಿ ಸೂರ್ಯಾಸ್ತದ ಕಡೆಗೆ ಓಡುತ್ತಾರೆ.

ಸರ್ವಜ್ಞ ಪೀಠಕ್ಕೆ ಅಲ್ಲಿಂದ ಕಾಲ್ನಡಿಗೆ. ಹೊಸದಾಗಿ ಫೋರ್ ವೀಲ್ ಗಾಡಿ ಕೊಂಡವರು ಅದನ್ನು ಕೆಳಗೇ ಬಿಟ್ಟು, ಮೊದಲ ಸಲ ಊರಿನ ಬಾಡಿಗೆ ಜೀಪು ಹತ್ತಲಿ. ಚಾಲಕನ ಪಕ್ಕದ ಸೀಟು ಸಿಕ್ಕರೆ, ಕಣಿವೆಯನ್ನು ಆಮೇಲೆ ನೋಡಿದರಾಯಿತು. ಅವನ ಎಡಗೈ, ಬಲಗಾಲು ಏನು ಮಾಡುತ್ತಿವೆ ಎಂದು ಗಮನಿಸಲಿ.