ಅನುಮಾನ ಕಳೆದುಕೊಂಡ ‘ಫೂಂಕ್ 2’

ಕಾದಂಬರಿಯೊಂದರ ಎಳೆಯಿಂದ ಹುಟ್ಟಿದ ರಹಸ್ಯಚಿತ್ರದ ಎರಡನೆಯ ಭಾಗ ಏಕೆ ಸೋಲುತ್ತದೆ ಎಂಬ ಚರ್ಚೆಗೆ, 2010ರ ಏಪ್ರಿಲ್‌ನಲ್ಲಿ ತೆರೆಕಂಡ ಮಿಲಿಂದ್ ಗಡಾಗ್ಕರ್ ನಿರ್ದೇಶನದ ಹಿಂದಿ ಚಿತ್ರ ‘ಫೂಂಕ್ 2’ ತಕ್ಕ ಉದಾಹರಣೆಯಾಗಿದೆ. ಸುದೀಪ್ ನಾಯಕನಾಗಿದ್ದುದರಿಂದ ತುಮಕೂರು, ಗುಬ್ಬಿ, ಕುಣಿಗಲ್‌ನಂಥ ಊರುಗಳ ಪ್ರೇಕ್ಷಕರಿಗೆ ಅದು ಕೇವಲ ಪರಭಾಷೆಯ ಚಿತ್ರವಾಗಿರಲಿಲ್ಲ. ಮೊದಲನೆಯದರಷ್ಟು ಭಯವಾಗಲಿಲ್ಲ, ಕಥೆಯೇ ಇಲ್ಲದೆ ಎಳೆದಾಡಿದ್ದಾರೆ, ಸುದೀಪ್‌ನಂಥ ನಟನಿಂದ ಏನೂ ಮಾಡಿಸಿಲ್ಲ ಎಂಬ ಮೂರು ಆಕ್ಷೇಪಗಳು ಇಂಥ ಚಿತ್ರ ನೋಡಿ ಹೊರಬಂದವರ ಬಾಯಲ್ಲಿ ಸಾಮಾನ್ಯ. ಮೂರೂ ನಿಜವೇ, ಆದರೆ ಸೋಲಿನ ಬೇರು ಇರುವುದು ಭಯದ ಪ್ರಮಾಣದಲ್ಲಲ್ಲ, ಕಥೆಯ ಕಟ್ಟಡದಲ್ಲಿ.

ಈ ಕಥೆಯ ಮೂಲಕ್ಕೆ ಹೋದರೆ ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ‘ತುಳಸಿದಳ’ ಎದುರಾಗುತ್ತದೆ. ಕನ್ನಡಕ್ಕೆ ಬಂದು ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಕೈಯಿಂದ ಕೈಗೆ ಓಡಾಡಿದ ಆ ಕೃತಿಯನ್ನು ವೇಮಗಲ್ ಜಗನ್ನಾಥರಾವ್ 1985ರಲ್ಲಿ ಕನ್ನಡ ಚಿತ್ರವನ್ನಾಗಿಸಿದರು. ಹಣದಾಸೆಗೆ ಪುಟ್ಟ ಹುಡುಗಿಯೊಬ್ಬಳ ಮೇಲೆ ‘ಕಾಷ್ಮೋರಾ’ ಎಂಬ ಕ್ಷುದ್ರಪ್ರಯೋಗ, ಅಂದರೆ ಮಾಟ, ನಡೆಯುವುದು ಅದರ ವಸ್ತು. ಮಗುವನ್ನು ಉಳಿಸಲು ವೈದ್ಯರು ಮತ್ತು ಸಮ್ಮೋಹನ ಬಲ್ಲವರು ಒಂದು ದಾರಿಯಲ್ಲಿ, ಮಾಂತ್ರಿಕನ ಬೆನ್ನು ಹತ್ತಿದವರು ಇನ್ನೊಂದು ದಾರಿಯಲ್ಲಿ ಓಡುತ್ತಾರೆ. ಉಳಿಸಿದ್ದು ವಿಜ್ಞಾನವೋ ಮಂತ್ರವೋ ಎಂಬ ಪ್ರಶ್ನೆಯನ್ನು ಲೇಖಕರು ಓದುಗನಿಗೇ ಬಿಡುತ್ತಾರೆ. ಮೂಢನಂಬಿಕೆ ಬಿತ್ತುತ್ತದೆಂಬ ಟೀಕೆ ಈ ಕೃತಿಗೆ ತಪ್ಪಲಿಲ್ಲ, ಆ ಟೀಕೆಯಲ್ಲಿ ಹುರುಳೂ ಇದೆ. ಆದರೂ ಪುಟ ತಿರುಗಿಸುವಂತೆ ಮಾಡಿದ್ದು ದೆವ್ವವಲ್ಲ, ಅನುಮಾನ.

ರಾಮ್ ಗೋಪಾಲ್ ವರ್ಮಾ 2008ರ ‘ಫೂಂಕ್’ನಲ್ಲಿ ಈ ಎಳೆಯನ್ನು ಬಹುಮಟ್ಟಿಗೆ ಉಳಿಸಿಕೊಂಡರು. ದೇವರನ್ನು ನಂಬದ ಎಂಜಿನಿಯರ್ ರಾಜೀವ್ ತನಗೆ ಮೋಸ ಮಾಡಿದ ಇಬ್ಬರನ್ನು ಕೆಲಸದಿಂದ ಅಟ್ಟುತ್ತಾನೆ, ಅದಾದ ಮೇಲೆ ಅವನ ಮಗಳು ರಕ್ಷಾ ಗಂಡಸಿನ ಧ್ವನಿಯಲ್ಲಿ ಮಾತಾಡತೊಡಗುತ್ತಾಳೆ. ಮನೋವೈದ್ಯರು ಅದಕ್ಕೆ ರೋಗದ ಹೆಸರು ಕೊಡುತ್ತಾರೆ, ಮನೆಯ ಹಿರಿಯರು ಮಾಟ ಎನ್ನುತ್ತಾರೆ, ನಡುವೆ ಸಿಕ್ಕ ತಂದೆಯ ಮುಖದ ಮೇಲೆ ಕ್ಯಾಮೆರಾ ನಿಲ್ಲುತ್ತದೆ. ಒಬ್ಬನೇ ಕುಳಿತು ಈ ಚಿತ್ರ ನೋಡಿದವನಿಗೆ 5 ಲಕ್ಷ ರೂಪಾಯಿ ಬಹುಮಾನ ಎಂಬ ಪ್ರಚಾರ ಪ್ರೇಕ್ಷಕನ ಕೈಗೆ ತಪ್ಪು ಅಳತೆಗೋಲನ್ನು ಕೊಟ್ಟಿತು, ಏಕೆಂದರೆ ಅಲ್ಲಿಂದ ಮುಂದೆ ಎಲ್ಲರೂ ಭಯವನ್ನಷ್ಟೇ ಅಳೆಯತೊಡಗಿದರು.

ಎರಡನೆಯ ಭಾಗ ಆರಂಭವಾಗುವ ಹೊತ್ತಿಗೆ ಅನುಮಾನಕ್ಕೆ ಜಾಗವೇ ಉಳಿದಿಲ್ಲ. ರಾಜೀವ್ ಕೆಲಸದಿಂದ ಅಟ್ಟಿದ ಇಬ್ಬರಲ್ಲಿ ಒಬ್ಬಳಾದ, ಮೊದಲ ಭಾಗದಲ್ಲಿ ಸತ್ತ ಮಧು ಪ್ರೇತವಾಗಿ ಬಂದಿದ್ದಾಳೆಂಬುದು ಪ್ರೇಕ್ಷಕನಿಗೆ ಖಚಿತವಾಗಿ ಗೊತ್ತು. ಸಮುದ್ರದ ಬಳಿಯ ಹೊಸ ಮನೆ, ಕಾಡಿನಲ್ಲಿ ಮಗುವಿಗೆ ಸಿಗುವ ಗೊಂಬೆ, ಮತ್ತೆ ಕಾಗೆ, ಈ ಸಲ ಮಗಳ ಬದಲು ಹೆಂಡತಿಯ ಮೈಮೇಲೆ ದೆವ್ವ: ಸಾಮಗ್ರಿ ಹೆಚ್ಚಿದೆ, ಪ್ರಶ್ನೆ ಒಂದೂ ಇಲ್ಲ. ಗೊಂಬೆಯ ಮುಖವನ್ನು ಹತ್ತಿರದಿಂದ ತೋರಿಸಿ ಹಿನ್ನೆಲೆ ಸದ್ದನ್ನು ಏಕಾಏಕಿ ಏರಿಸುವ ತಂತ್ರಕ್ಕೆ ಮೊದಲ ಸಲ ಬೆಚ್ಚಿದವನು ಮೂರನೆಯ ಸಲ ಮೊದಲೇ ಕಿವಿ ಮುಚ್ಚಿಕೊಳ್ಳುತ್ತಾನೆ. ‘ಎಳೆದಾಡಿದ್ದಾರೆ’ ಎಂಬ ದೂರಿನ ಅರ್ಥ ಚಿತ್ರ ಉದ್ದವಾಯಿತು ಎಂದಲ್ಲ, ಕಾಯುವುದಕ್ಕೆ ಏನೂ ಇರಲಿಲ್ಲ ಎಂದು.

ಕಥೆ ಗೊತ್ತಿದ್ದರೆ ರಸ ಕೆಡುತ್ತದೆಂಬುದು ಎಲ್ಲ ಪ್ರಕಾರಗಳಿಗೂ ಸಲ್ಲುವ ನಿಯಮವಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಹೆಸರಿನೊಂದಿಗೇ ಗುರುತಾದ ನಾಟಕ ಕಂಪನಿಯ ‘ಸದಾರಮೆ’ಯನ್ನೂ ‘ಕುರುಕ್ಷೇತ್ರ’ವನ್ನೂ ಜನ ಕಥೆ ತಿಳಿದೇ ಮತ್ತೆ ಮತ್ತೆ ನೋಡಿದರು, ಅಲ್ಲಿ ಸೆಳೆದದ್ದು ಮುಂದೇನು ಎಂಬ ಕುತೂಹಲವಲ್ಲ, ಹಾಡು, ಹಾಸ್ಯ ಮತ್ತು ರಂಗಸಜ್ಜಿಕೆಯ ವೈಭವ. ರಹಸ್ಯಕಥೆಗೆ ಆ ಆಸರೆಯಿಲ್ಲ. ಗುಟ್ಟು ಬಯಲಾದ ಮೇಲೂ ಅದೇ ಪಾತ್ರಗಳನ್ನು ಮತ್ತೆ ರಂಗಕ್ಕೆ ತರುವವರು ಹೊಸ ಗುಟ್ಟೊಂದನ್ನು ಹೊಂದಿಸಿಕೊಂಡೇ ಬರಬೇಕು.

ಅದೇ 2010ರ ಫೆಬ್ರುವರಿಯಲ್ಲಿ, ವಿಷ್ಣುವರ್ಧನ್ ತೀರಿಕೊಂಡ ಎರಡು ತಿಂಗಳೊಳಗೆ ಬಿಡುಗಡೆಯಾದ, ‘ಆಪ್ತಮಿತ್ರ’ದ ಮುಂದಿನ ಭಾಗವಾದ ‘ಆಪ್ತರಕ್ಷಕ’ ಇದನ್ನು ಮಾಡಿತು. ಅಗಲಿದ ನಟನ ಮೇಲಿನ ಅಭಿಮಾನ ಆ ಗೆಲುವಿನಲ್ಲಿ ದೊಡ್ಡ ಪಾಲು ಪಡೆದದ್ದು ನಿಜ. ಆದರೂ ಮೊದಲ ಭಾಗದ ಪ್ರೇತ ನಾಗವಲ್ಲಿಯ ಚಿತ್ರಪಟ ಸೇರಿದ ಹೊಸ ಮನೆಯಲ್ಲಿ ಅವಳಿಂದ ಪೀಡಿತಳಾದವಳು ಯಾರು ಎಂಬ ಶಂಕೆಯನ್ನು ಪಿ. ವಾಸು ಒಬ್ಬಳಿಂದ ಇನ್ನೊಬ್ಬಳ ಮೇಲೆ ದಾಟಿಸುತ್ತಾ ಹೋದ ಜಾಣ್ಮೆಯನ್ನು ಮರೆಯಲಾಗದು. ‘ಆಪ್ತಮಿತ್ರ’ದ ಗುಟ್ಟು ತಿಳಿದವನಿಗೂ ಇಲ್ಲಿ ಊಹಿಸುವ ಕೆಲಸ ಉಳಿದಿತ್ತು. ಹಾಲಿವುಡ್ ಈ ಪಾಠವನ್ನು ತಡವಾಗಿ, ಅದೂ ಅರ್ಧ ಕಲಿಯಿತು. ವಿಲಿಯಂ ಪೀಟರ್ ಬ್ಲ್ಯಾಟಿಯ ಕಾದಂಬರಿಯಿಂದ ಬಂದ ‘ದಿ ಎಕ್ಸಾರ್ಸಿಸ್ಟ್’ನ 1977ರ ಎರಡನೆಯ ಭಾಗ ನಗೆಪಾಟಲಾಯಿತು. ಬಳಿಕ ಬ್ಲ್ಯಾಟಿ ತಮ್ಮ ‘ಲೀಜನ್’ ಕಾದಂಬರಿಯನ್ನು 1990ರಲ್ಲಿ ಮೂರನೆಯ ಭಾಗವಾಗಿ ತಾವೇ ನಿರ್ದೇಶಿಸಿ, ಪೊಲೀಸ್ ಅಧಿಕಾರಿಯೊಬ್ಬನ ಕೊಲೆ ತನಿಖೆಯನ್ನು ಮುಂದಕ್ಕೆ ತಂದರೂ, ಕೊನೆಯಲ್ಲಿ ಭೂತೋಚ್ಚಾಟನೆ ಬೇಕೇ ಬೇಕೆಂದು ನಿರ್ಮಾಣ ಸಂಸ್ಥೆ ಹಟ ಹಿಡಿಯಿತು.

ಸುದೀಪ್ ಕುರಿತ ಮೂರನೆಯ ಆಕ್ಷೇಪದಲ್ಲಿ ನಟನಿಗೆ ಅನ್ಯಾಯವಾಗುವ ಅಪಾಯವಿದೆ. ಮೊದಲ ಭಾಗದ ರಾಜೀವ್‌ಗೆ ನಂಬಲೋ ಬೇಡವೋ ಎಂಬ ಇಕ್ಕಟ್ಟಿತ್ತು, ನಾಸ್ತಿಕನ ಹಮ್ಮು ಮಗಳ ಹಾಸಿಗೆಯ ಬದಿಯಲ್ಲಿ ಸ್ವಲ್ಪಸ್ವಲ್ಪವೇ ಸಡಿಲವಾಗುವುದನ್ನು ಸುದೀಪ್ ಕಣ್ಣಲ್ಲೇ ಆಡಿ ತೋರಿಸಿದ್ದರು. ಎರಡನೆಯ ಭಾಗದ ರಾಜೀವ್ ಆಗಲೇ ಎಲ್ಲವನ್ನೂ ನಂಬಿದವನು. ಬಾಗಿಲು ಬಡಿಯುವುದು, ಓಡುವುದು, ಹೆಂಡತಿಯ ಹೆಸರು ಹಿಡಿದು ಕೂಗುವುದು ಬಿಟ್ಟರೆ ಅವನಿಗೆ ಚಿತ್ರಕಥೆ ಕೊಟ್ಟ ಕೆಲಸ ಅತ್ಯಲ್ಪ.