ಇಪ್ಪತ್ತಾರು ಇಂಚಿನ ಹಟ

ಡರ್ಟ್ ಜಂಪ್ ಸೈಕಲ್ಲನ್ನು ಬಿಡಿಭಾಗ ಕೂಡಿಸಿ ಕಟ್ಟಿಕೊಳ್ಳುವುದು ಹೇಗೆಂದು ಹಾಸನದ ಓದುಗರೊಬ್ಬರು ಕೇಳಿದ್ದರು. ಫ್ರೇಮಿನಿಂದ ಹಿಡಿದು ಬ್ರೇಕಿನ ತನಕ ಒಂದೊಂದಾಗಿ ಬರೆಯುತ್ತೇನೆಂದು ಹೋದ ವಾರ ಒಪ್ಪಿಕೊಂಡೂ ಆಯಿತು. ಇವತ್ತು ಸಂಜೆಯೊಳಗೆ ಬರಹ ಕಳಿಸಬೇಕು. ಅಷ್ಟನ್ನೂ ಮುಗಿಸುವ ಲಕ್ಷಣ ಕಾಣುತ್ತಿಲ್ಲ. ಈ ಗಿಡ್ಡ ಸೈಕಲ್ಲಿಗೆ ಗೇರು ಯಾಕಿಲ್ಲ, ಮುಂದಿನ ಬ್ರೇಕು ಯಾಕಿಲ್ಲ, ಸೀಟು ಯಾಕೆ ಅಷ್ಟು ತಗ್ಗು ಅನ್ನುವುದೆಲ್ಲ ಇಲ್ಲಿ ಹಿಂದೆಯೇ ಆಗಿಹೋದ ಮಾತು. ನೇರ ಅಂಗಡಿಗೆ ಹೋಗೋಣ.

ಅಂಗಡಿಯಲ್ಲಿ '26 ಇಂಚಿನ ರಿಮ್ ಕೊಡಿ' ಅಂದರೆ ಕೊಡುತ್ತಾರೆ. ಯಾವ 26 ಎಂದು ಅವರು ಕೇಳುವುದಿಲ್ಲ, ನಾವು ಹೇಳುವುದಿಲ್ಲ. 26×1⅜ ಟೈರು ಕೂರುವ ರಿಮ್ಮಿನ ವ್ಯಾಸ 590 ಮಿ.ಮೀ. ನಮಗೆ ಬೇಕಾದದ್ದು 559. ಮೂರು ಸೆಂಟಿಮೀಟರಿಗೂ ಮಿಕ್ಕಿದ ಅಂತರ, ಯಾವ ಬಲಪ್ರಯೋಗಕ್ಕೂ ಬಗ್ಗುವುದಿಲ್ಲ. ಟೈರಿನ ಪಕ್ಕೆಯಲ್ಲಿ 54-559 ಎಂಬಂಥ ಜೋಡಿ ಅಂಕಿ ಸಣ್ಣದಾಗಿ ಒತ್ತಿರುತ್ತದೆ. ಮೊದಲಿನದು ಟೈರಿನ ಅಗಲ, ಎರಡನೆಯದು ಅದರ ಅಂಚು ಕೂರುವ ವ್ಯಾಸ. ಇಂಚಿನ ಮಾತು ಬಿಟ್ಟು ಆ ಎರಡನೇ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಅಂಕಿಯ ಮಾತು ಬಂತಲ್ಲ, 29ರ ಪಂಥದವರ ಜೊತೆಗಿನ ಹಳೇ ಲೆಕ್ಕವನ್ನೂ ಇಲ್ಲೇ ಚುಕ್ತಾ ಮಾಡಿಬಿಡುತ್ತೇನೆ. 'ನಿಮ್ಮ 26 ಸತ್ತು ಎಷ್ಟೋ ವರ್ಷವಾಯ್ತು' ಎಂದು ಇವರು ಸಿಕ್ಕಲ್ಲೆಲ್ಲ ಹೇಳುತ್ತಾರೆ. ಇವರ ಹೊಸ 29 ಅಂದರೆ 622 ಮಿ.ಮೀ. ರೇಸಿಂಗ್ ಸೈಕಲ್ಲಿನವರು ತಲೆಮಾರುಗಳಿಂದ ಓಡಿಸುತ್ತಿರುವ 700ಸಿ ಕೂಡ ಅದೇ 622. ನಡುವೆ ಬಂದ 27.5 ಅಂದರೆ 584; ಫ್ರಾನ್ಸಿನವರು 650ಬಿ ಎಂದು ಕರೆಯುತ್ತಿದ್ದ ಹಳೇ ಅಳತೆ. ಹಳೇ ಸರಕಿಗೆ ಹೊಸ ಚೀಟಿ ಅಂಟಿಸಿದವರು ನಮ್ಮ 26ರ ವಯಸ್ಸು ಕೇಳುತ್ತಾರೆ. ಹೌದು, ಅದಕ್ಕೂ ವಯಸ್ಸಾಗಿದೆ. ಅಮೆರಿಕದ ಶ್ವಿನ್ ಕಂಪನಿ 1933ರಲ್ಲಿ 26×2.125ರ ದಪ್ಪ ಟೈರಿನ ಸೈಕಲ್ ತಂದಿತ್ತು. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು 1976ರಲ್ಲಿ ಬೆಟ್ಟ ಇಳಿಯುವ ರೀಪ್ಯಾಕ್ ರೇಸು ಶುರು ಮಾಡಿದ್ದು ಅಂಥ ಹಳೇ ಸೈಕಲ್ಲುಗಳಲ್ಲೇ. ಇಳಿಯುವಷ್ಟರಲ್ಲಿ ಹಿಂದಿನ ಹಬ್ಬಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು, ಪ್ರತಿ ಸಲ ಹೊಸದಾಗಿ ತುಂಬಬೇಕಿತ್ತು. ರೇಸಿಗೆ ಆ ಹೆಸರು ಬಂದದ್ದೂ ಅದರಿಂದಲೇ.

ಕಲ್ಲುದಾರಿಯಲ್ಲಿ ದೊಡ್ಡ ಗಾಲಿ ಸಲೀಸಾಗಿ ಉರುಳುತ್ತದೆ, ಒಪ್ಪಿದೆ. ದಿಬ್ಬದ ತುದಿಯಿಂದ ಹಾರಿದ ಮೇಲೆ ಅಲ್ಲಿ ಕಲ್ಲೆಲ್ಲಿದೆ? ಗಾಳಿಯಲ್ಲಿ ಸೈಕಲ್ಲನ್ನು ತಿರುಗಿಸಬೇಕು, ನೆಲಕ್ಕೆ ಸೊಟ್ಟಗೆ ಬಂದರೂ ಗಾಲಿ ತಡೆದುಕೊಳ್ಳಬೇಕು. ಕಡ್ಡಿ ಗಿಡ್ಡವಾದಷ್ಟೂ ಗಾಲಿ ಪಕ್ಕದ ಏಟಿಗೆ ಗಟ್ಟಿ. ಕ್ರ್ಯಾಂಕ್‌ವರ್ಕ್ಸ್‌ನ ಸ್ಲೋಪ್‌ಸ್ಟೈಲ್ ಸ್ಪರ್ಧೆಗಳನ್ನು ಗೆದ್ದ ಬ್ರ್ಯಾಂಡನ್ ಸೆಮೆನುಕ್, ಎಮಿಲ್ ಯೋಹಾನ್ಸನ್ ಇಬ್ಬರೂ ಹಾರಿದ್ದು 26ರಲ್ಲೇ.

ಹಾಗೆಂದು 29ರವರ ಮೇಲೆ ಪೂರ್ತಿ ಮುನಿಸಿಲ್ಲ. ಅವರು ದೊಡ್ಡ ಗಾಲಿಗೆ ಹೋಗುವಾಗ ಬಿಟ್ಟುಹೋದ 26ರ ಫೋರ್ಕುಗಳೇ ನಮ್ಮ ಆಸ್ತಿ. ಒಳಗಿನ ಏರ್ ಶಾಫ್ಟ್ ಬದಲಿಸಿದರೆ ಅವುಗಳಲ್ಲಿ ಕೆಲವು 140ರ ಓಟದಿಂದ ನಮಗೆ ಬೇಕಾದ 100 ಮಿ.ಮೀ.ಗೆ ಇಳಿಯುತ್ತವೆ. ಹಳೇ ಫೋರ್ಕು ಕೊಳ್ಳುವಾಗ ಎಲ್ಲರೂ ಹೊಳೆಯುವ ಕಾಲುಗಳ ಮೇಲೆ ಉಗುರಾಡಿಸಿ ಗೀರು ಹುಡುಕುತ್ತಾರೆ. ಹುಡುಕಲಿ. ಮೋಸ ಇರುವುದು ಮೇಲಿನ ಸ್ಟಿಯರರ್ ಕೊಳವೆಯಲ್ಲಿ. ಹಿಂದಿನ ಒಡೆಯ ತನ್ನ ಫ್ರೇಮಿಗೆ ತಕ್ಕಂತೆ ಅದನ್ನು ಕತ್ತರಿಸಿರುತ್ತಾನೆ. 110 ಮಿ.ಮೀ. ಹೆಡ್‌ಟ್ಯೂಬಿಗೆ ಹೆಡ್‌ಸೆಟ್ಟು, ಸ್ಟೆಮ್ಮು ಸೇರಿಸಿ ಸುಮಾರು 170 ಬೇಕು ಎಂದಿಟ್ಟುಕೊಳ್ಳಿ. 155 ಇದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಫ್ರೇಮಿನ ವಿಚಾರ ಬೇಗ ಮುಗಿಸುತ್ತೇನೆ. ಪೋಲೆಂಡಿನ ಎನ್‌ಎಸ್, ಡಾರ್ಟ್‌ಮೂರ್ ಕಂಪನಿಗಳ ಫ್ರೇಮುಗಳು ಚೆನ್ನ. ನನ್ನ ಒಲವು 4130 ಕ್ರೋಮೊಲಿ ಉಕ್ಕಿನ ಕಡೆಗೆ. ಇಡೀ ಸೈಕಲ್ ತರಿಸುವ ಆಸೆ ಬೇಡ, ಅದರ ಆಮದು ಸುಂಕ 2023ರ ಬಜೆಟ್ಟಿನಲ್ಲಿ ಶೇ 30ರಿಂದ 35ಕ್ಕೆ ಏರಿತು. ಅಮೆರಿಕದಿಂದ ರಜಕ್ಕೆ ಬರುವ ಅಳಿಯಂದಿರ ಸೂಟ್‌ಕೇಸಿನಲ್ಲಿ ಹಬ್ಬು, ಕ್ರ್ಯಾಂಕು ಹಿಡಿಸುತ್ತವೆ; ಫ್ರೇಮು ಹಿಡಿಸುವುದಿಲ್ಲ. ಪೆಡಲಿನ ಬಳಿಯ ಬಾಟಮ್ ಬ್ರ್ಯಾಕೆಟ್ ಮಾತ್ರ ನೋಡಿ ಕೊಳ್ಳಿ. ಅದು ಬಿಎಂಎಕ್ಸ್‌ನವರ 41.2 ಮಿ.ಮೀ.ನ 'ಮಿಡ್' ಆಗಿರಬಹುದು, ಇಲ್ಲವೇ ಬಿಎಸ್‌ಎ ಮರೆ ಆಗಿರಬಹುದು. ಬರ್ಮಿಂಗ್‌ಹ್ಯಾಮಿನಲ್ಲಿ ಬಂದೂಕು ಮಾಡಲು 1861ರಲ್ಲಿ ಹುಟ್ಟಿದ ಕಂಪನಿಯ ಹೆಸರು ಅದು. ಇಂಚಿಗೆ 24 ಮರೆ, ಬಲಗಡೆಯದು ಉಲ್ಟಾ ಮರೆ. ಸ್ಪ್ಯಾನರ್ ಹಾಕುವ ಮುನ್ನ ಇದು ನೆನಪಿರಲಿ.

ಬೇರಿಂಗಿಗೆ ಬೆಂಗಳೂರಿನ ಎಸ್‌ಜೆಪಿ ರಸ್ತೆಗೆ ಹೋಗಿ. 'ಸೈಕಲ್ ಹಬ್ಬಿನ ಬೇರಿಂಗ್ ಇದೆಯಾ' ಅಂದರೆ ತಲೆಯೆತ್ತದೆ ಇಲ್ಲ ಅನ್ನುತ್ತಾರೆ. '6902, 2ಆರ್‌ಎಸ್' ಅಂದರೆ ಅದೇ ಮನುಷ್ಯ ಮಾತಿಲ್ಲದೆ ಹಿಂದೆ ತಿರುಗಿ ಡಬ್ಬಿ ತೆಗೆಯುತ್ತಾನೆ. ಒಳವ್ಯಾಸ 15, ಹೊರವ್ಯಾಸ 28, ದಪ್ಪ 7. ಅದು ಸೈಕಲ್ಲಿಗೋ ಮೋಟರಿಗೋ ಅವನಿಗೇನು? ಎರಡೂ ಕಡೆ ರಬ್ಬರ್ ಸೀಲು ಇರುವುದನ್ನೇ ಕೇಳಿ. ತಗಡಿನ ಮುಚ್ಚಳದ್ದು ನಮ್ಮ ಕೆಂಪು ಧೂಳಿಗೆ ಆಗಿಬರುವುದಿಲ್ಲ.

ಇನ್ನು ಹಿಂದಿನ ಗಾಲಿ. ನಿಜ ಹೇಳಬೇಕೆಂದರೆ ಉಳಿದದ್ದೆಲ್ಲ ಪೀಠಿಕೆ. ಕಟ್ಟಿದ ಗಾಲಿ ಸಿದ್ಧವಾಗಿ ಸಿಗುವುದು ಕಷ್ಟ, ಸಿಕ್ಕರೂ ಬೇಡ. ಗೇರ್ ಸೈಕಲ್ಲಿನ ಹಬ್ಬಿಗೆ ಸ್ಪೇಸರ್ ತುಂಬಿ ಒಂದೇ ಹಲ್ಲುಚಕ್ರ ಕೂರಿಸಿ ಕೆಲಸ ಮುಗಿಸುವವರಿದ್ದಾರೆ. ಎದುರು ಸಿಕ್ಕಾಗಲೆಲ್ಲ ಅವರೊಡನೆ ಜಗಳವಾಡಿದ್ದೇನೆ. ಹತ್ತು ಗೇರಿನ ಚಕ್ರಗಳಿಗೆ ಜಾಗ ಬೇಕೆಂದು ಆ ಹಬ್ಬಿನ ಬಲ ಅಂಚನ್ನು ಒಳಕ್ಕೆ ತಳ್ಳಿರುತ್ತಾರೆ. ಬಲಗಡೆಯ ಕಡ್ಡಿಗಳು ನೆಟ್ಟಗೆ, ಬಲು ಬಿಗಿ, ಎಡಗಡೆಯವು ಸಡಿಲ. ಗೇರನ್ನು ತೆಗೆದುಹಾಕಿ ಅದರ ರೋಗವನ್ನು ಇಟ್ಟುಕೊಂಡಂತಾಯಿತು. ಒಂದೇ ಗೇರಿಗೆಂದು ಮಾಡಿದ 135 ಮಿ.ಮೀ. ಹಬ್ಬಿನಲ್ಲಿ ಎರಡೂ ಅಂಚು ದೂರದೂರ, ಹತ್ತಿರಹತ್ತಿರ ಸಮ. ದುಡ್ಡನ್ನು ಇಲ್ಲಿ ಸುರಿಯಿರಿ, ಫ್ರೇಮಿನ ಬಣ್ಣಕ್ಕಲ್ಲ.

ಸಡಿಲವಾದರೇನು ಎಂದು ಕೇಳುವವರು ಜೋಬ್ಸ್ಟ್ ಬ್ರಾಂಡ್ಟ್ 1981ರಲ್ಲಿ ಬರೆದ 'ದಿ ಬೈಸಿಕಲ್ ವೀಲ್' ಓದಬೇಕು. ನನ್ನ ಮೇಜಿನ ಮೇಲೆ ಎಂದಿಗೂ ಇರುವ ಪುಸ್ತಕ ಇದೊಂದೇ. ಸವಾರನ ಭಾರ ಮೇಲಿನ ಕಡ್ಡಿಗಳಿಂದ ಜೋತುಬಿದ್ದಿರುತ್ತದೆ ಎಂದು ನಾವೆಲ್ಲ ನಂಬಿರುತ್ತೇವೆ. ಬ್ರಾಂಡ್ಟ್ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಬೇರೆಯದನ್ನೇ ತೋರಿಸಿದ. ಭಾರ ಬಿದ್ದಾಗ ಮೇಲಿನ ಕಡ್ಡಿಗಳ ಬಿಗಿ ಹೆಚ್ಚೇನೂ ಏರುವುದಿಲ್ಲ. ನೆಲಕ್ಕೆ ತಾಗಿದ ಕಡೆಯ ನಾಲ್ಕಾರು ಕಡ್ಡಿಗಳ ಬಿಗಿ ಮಾತ್ರ ಇಳಿಯುತ್ತದೆ. ಮೊದಲೇ ಎಳೆದು ಕಟ್ಟಿದ ಕಡ್ಡಿ ತನ್ನ ಬಿಗಿಯನ್ನು ಕಳೆದುಕೊಳ್ಳುವುದೇ ಭಾರ ಹೊರುವ ರೀತಿ. ಅಂದರೆ ಗಾಲಿ ನಿಂತಿರುವುದು ಕೆಳಗಿನ ಕಡ್ಡಿಗಳ ಮೇಲೆ. ಕಟ್ಟುವಾಗ ಎಷ್ಟು ಬಿಗಿ ಕೂಡಿಟ್ಟಿದ್ದೀರೋ ಅಷ್ಟೇ ಭಾರ ತಾಳುತ್ತದೆ. ಅದು ಮುಗಿದ ಕ್ಷಣ ಕಡ್ಡಿ ಸೋಲುತ್ತದೆ, ರಿಮ್ಮು ಕರಿದ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಎರಡು ಮೀಟರ್ ಎತ್ತರದಿಂದ ಬೀಳುವವರಿಗೆ ಇದು ಬರೀ ಪುಸ್ತಕದ ಮಾತಲ್ಲ. ನಡುವೆ 1.8 ಮಿ.ಮೀ.ಗೆ ತೆಳುವಾದ ಕಡ್ಡಿಯೇ ಉದ್ದಕ್ಕೂ 2 ಮಿ.ಮೀ. ಇರುವ ಕಡ್ಡಿಗಿಂತ ಚೆನ್ನಾಗಿ ಬಾಳುವುದೂ ಇದೇ ಕಾರಣಕ್ಕೆ. ತೆಳುವಾದದ್ದು ಹೆಚ್ಚು ಹಿಗ್ಗುತ್ತದೆ, ಬಿಗಿಯನ್ನು ಬೇಗ ಬಿಟ್ಟುಕೊಡುವುದಿಲ್ಲ. ದಪ್ಪ ಇದ್ದರೆ ಗಟ್ಟಿ ಅನ್ನುವ ಅಂಗಡಿಯವರಿಗೆ ಇದನ್ನು ಒಪ್ಪಿಸಲು ಹೋಗಬೇಡಿ, ತೆಪ್ಪಗೆ ಕೊಂಡು ಬನ್ನಿ.

ನಮ್ಮ ಬಡಾವಣೆಯ ಸೈಕಲ್ ಶಾಪಿನ ಮೇಸ್ತ್ರಿ ಬ್ರಾಂಡ್ಟನ ಹೆಸರು ಕೇಳಿದವರಲ್ಲ. ಹಿಂದಿನ ಗಾಲಿಗೆ 40, ಮುಂದಿನದಕ್ಕೆ 32 ಕಡ್ಡಿಯ ಹಾಲಿನವರ ಸೈಕಲ್ಲುಗಳಲ್ಲಿ ಔಟ್ ತೆಗೆದು ತೆಗೆದು ಕೈ ಪಳಗಿಸಿಕೊಂಡವರು. ನನ್ನ 36 ತೂತಿನ ಹಬ್ಬನ್ನು ಅಂಗೈಯಲ್ಲಿ ತೂಗಿ ನೋಡಿ, 'ಏನ್ ಸಾರ್, ಮಕ್ಕಳ ಸೈಕಲ್ಲಿಗೆ ಇಷ್ಟು ದಪ್ಪದ್ದಾ?' ಅಂದರು. ರಿಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಒಂಬತ್ತೊಂಬತ್ತರಂತೆ ನಾಲ್ಕು ಸರದಿ ಕಡ್ಡಿ ಪೋಣಿಸಿದರು. ಪ್ರತಿ ಕಡ್ಡಿಯೂ ಮೂರು ಕಡ್ಡಿಗಳನ್ನು ದಾಟಿ, ಮೂರನೆಯದರೊಡನೆ ಹೆಣೆದುಕೊಂಡು ರಿಮ್ಮಿಗೆ ಹೋಗಬೇಕು. ಬಾಯಲ್ಲಿ ಲೆಕ್ಕವಿಲ್ಲ, ಬೆರಳು ತಪ್ಪಲಿಲ್ಲ. ಬಿಗಿ ನೋಡಲು ಮೀಟರ್ ತರಲೇ ಅಂದರೆ ಬೇಡವೆಂದು ತಲೆಯಾಡಿಸಿ, ನಿಪ್ಪಲ್ ಕೀಯ ಹಿಂಬದಿಯಿಂದ ಒಂದೊಂದನ್ನೇ ಮೀಟಿ ಕಿವಿಗೊಟ್ಟರು. ಒಂದು ಕಡೆಯವೆಲ್ಲ ಒಂದೇ ದನಿ ಹೊರಡಿಸುವ ತನಕ ಏಳಲಿಲ್ಲ. ಕೊನೆಗೆ ಪಕ್ಕಪಕ್ಕದ ಕಡ್ಡಿಗಳನ್ನು ಜೊತೆಜೊತೆಯಾಗಿ ಹಿಡಿದು ಗಟ್ಟಿಯಾಗಿ ಹಿಂಡಿದರು. ಟಿಕ್ ಟಿಕ್ ಎಂದು ಸದ್ದಾಯಿತು, ಮತ್ತೆ ಔಟ್ ತೆಗೆದರು. ಬ್ರಾಂಡ್ಟ್ ತನ್ನ ಪುಸ್ತಕದಲ್ಲಿ ಒತ್ತಿ ಒತ್ತಿ ಹೇಳುವ ಕೆಲಸ ಇದೇ. ಯಾಕೆ ಹಿಂಡುತ್ತೀರಿ ಅಂದದ್ದಕ್ಕೆ, 'ಈಗ ಕೂರದಿದ್ರೆ ರೋಡಲ್ಲಿ ಕೂರ್ತದೆ ಸಾರ್, ಆಮೇಲೆ ನೀವು ಬಂದು ನನ್ನನ್ನ ಬೈತೀರಿ' ಅಂದರು.

ಕಡ್ಡಿಯ ಉದ್ದ 260 ಮಿ.ಮೀ. ಆಸುಪಾಸು ಬರುತ್ತದೆ, ಆದರೆ ರಿಮ್ಮು ಮತ್ತು ಹಬ್ಬು ಎರಡೂ ಕೈಗೆ ಬಂದು, ಅಳೆದು ನೋಡುವ ತನಕ ಕಡ್ಡಿ ಕೊಳ್ಳಬೇಡಿ. 36 ಬೇಕಿದ್ದರೆ 40 ತನ್ನಿ. ಚೈನು ⅛ ಇಂಚಿನದಿರಲಿ. ಅದು 3/32ರ ಹಲ್ಲಿನ ಮೇಲೂ ಓಡುತ್ತದೆ, 3/32ರ ಚೈನು ⅛ರ ಹಲ್ಲಿಗೆ ಕೂರುವುದಿಲ್ಲ. ಬ್ರೇಕಿಗೆ ಇವತ್ತು ಜಾಗವಿಲ್ಲ, ಮುಂದಿನ ವಾರ. ಅಂದಹಾಗೆ ಗಾಲಿ ಕೂರಿಸಲು ಬಿಟ್ಟುಬಂದ ಸೈಕಲ್ಲನ್ನು ಮೇಸ್ತ್ರಿ ಸೀಟು ಒಂದು ಗೇಣು ಏರಿಸಿಯೇ ಕೊಟ್ಟರು, ಅದಕ್ಕೆ ಕೂಲಿ ತೆಗೆದುಕೊಳ್ಳಲಿಲ್ಲ.